ಕುರ್ಚಿ ಬಿಟ್ಟ ಮೇಲೆ ಪಾತ್ರೆ ತೊಳೆಯಲು ಬನ್ನಿ: ಅಮೆರಿಕದ ಕನ್ನಡ ಕೂಟಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ, ಸಂಘಗಳ, ದೇವಸ್ಥಾನ ಕಮಿಟಿಗಳ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಖಜಾಂಚಿಗಳೇ, ಮುಂದಿನ ವರ್ಷ ಆ ಕುರ್ಚಿಗಳಿಗೆ ಬರಲಿರುವವರೇ,

ನಮಸ್ಕಾರ.

ನಾನು ನ್ಯೂಜೆರ್ಸಿಯಲ್ಲಿರುವ ಕನ್ನಡಿಗ. ಹುಟ್ಟಿ ಬೆಳೆದದ್ದು ಹಾಸನದ ಕಡೆ. ಹೆಂಡತಿ ಯಹೂದಿ. ಮಕ್ಕಳು ಅವಳ ಧರ್ಮದಲ್ಲೇ ಬೆಳೆದರು. ಹಾಗಾಗಿ ನನ್ನ ಒಂದು ಕಾಲು ಕನ್ನಡ ಕೂಟದಲ್ಲಿ, ಇನ್ನೊಂದು ಕಾಲು ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ. ಎರಡೂ ಕಡೆ ಕುರ್ಚಿ ಜೋಡಿಸಿದ್ದೇನೆ, ಎರಡೂ ಕಡೆ ನೂರಾರು ಜನಕ್ಕೆ ಕಾಫಿ ಮಾಡಿದ್ದೇನೆ. ಈ ಪತ್ರ ಬರೆಯಲು ನನಗಿರುವ ಯೋಗ್ಯತೆ ಇಷ್ಟೇ.

ನೇರ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ದುಡಿಯುವವರಿಗೆ ಬರವಿಲ್ಲ. ಯುಗಾದಿಗೆ ಮುನ್ನೂರು ಜನಕ್ಕೆ ಒಬ್ಬಟ್ಟಿನ ಊಟ ಹಾಕಿಸುವವರು, ರಾಜ್ಯೋತ್ಸವಕ್ಕೆ ರಾತ್ರಿಯೆಲ್ಲ ಎದ್ದು ಸ್ಟೇಜ್ ಕಟ್ಟುವವರು ನಮ್ಮಲ್ಲೂ ಇದ್ದಾರೆ. ತೊಂದರೆ ಬರುವುದು ಆಮೇಲೆ. ಹಳೇ ಕಮಿಟಿ ಹೋಗಿ ಹೊಸದು ಬಂದ ದಿನ ಎಲ್ಲವೂ ಸೊನ್ನೆಯಿಂದ ಶುರು. ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಯಾರ ಹತ್ತಿರ ಇದೆ ಗೊತ್ತಿಲ್ಲ. ಸ್ಪೀಕರ್ ಸೆಟ್ಟು ಯಾರದೋ ಗ್ಯಾರೇಜಿನಲ್ಲಿದೆ, ಅವರು ಟೆಕ್ಸಸ್‌ಗೆ ಹೋಗಿಬಿಟ್ಟಿದ್ದಾರೆ. ಕಳೆದ ಸಲ ಹಾಲ್‌ಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದರು ಅಂತ ಕೇಳಲು ಹೋದರೆ, ಹಳೇ ಅಧ್ಯಕ್ಷರು ಫೋನ್ ಎತ್ತುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕೂಟದಲ್ಲಂತೂ ಸದಸ್ಯರ ಪಟ್ಟಿಯನ್ನೇ ಹೊಸದಾಗಿ ಮಾಡಬೇಕಾಯಿತು. ಹಳೇ ಪಟ್ಟಿ ಹಿಂದಿನ ಕಾರ್ಯದರ್ಶಿಯ ಆಫೀಸ್ ಲ್ಯಾಪ್‌ಟಾಪಿನಲ್ಲಿತ್ತು. ಅವರು ಕೆಲಸ ಬದಲಿಸಿದಾಗ ಅದೂ ಹೋಯಿತು.

ಇದೇ ಊರಿನಲ್ಲಿ, ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಇದಕ್ಕೆ ಸುಮಾರು ನೂರು ವರ್ಷದಿಂದ ಒಂದು ದಾರಿ ಹುಡುಕಿಕೊಂಡಿರುವ ಜನ ಇದ್ದಾರೆ. ಅವರ ಬಗ್ಗೆ ಹೇಳಲು ಈ ಪತ್ರ.

ಇಲ್ಲಿನ ಸಿನಗಾಗ್‌ಗಳಲ್ಲಿ ಮೆನ್ಸ್ ಕ್ಲಬ್ ಅಂತ ಇರುತ್ತದೆ. ಹೆಸರು ಕೇಳಿ ಇಸ್ಪೀಟು, ವಿಸ್ಕಿ ಅಂದುಕೊಳ್ಳಬೇಡಿ. ಸದಸ್ಯ ಗಂಡಸರು ಸೇರಿ ಮಾಡಿಕೊಂಡ ಸೇವಾ ಕೂಟ ಅದು. ಸಂಬಳ ಯಾರಿಗೂ ಇಲ್ಲ. ಎಲ್ಲರೂ ಹಗಲು ಬೇರೆ ಕೆಲಸ ಮಾಡುವವರು, ಇಲ್ಲವೇ ರಿಟೈರ್ ಆದವರು. ಸಂಪ್ರದಾಯಸ್ಥ ಆರ್ಥೊಡಾಕ್ಸ್ ಮತ್ತು ಸುಧಾರಣಾವಾದಿ ರಿಫಾರ್ಮ್ ಪಂಥಗಳ ನಡುವೆ ಕನ್ಸರ್ವೇಟಿವ್ ಎಂಬ ಪಂಥವೊಂದಿದೆ. ನನ್ನ ಹೆಂಡತಿಯ ಮನೆಯವರು ಅದಕ್ಕೆ ಸೇರಿದವರು. ಆ ಪಂಥದ ಮೆನ್ಸ್ ಕ್ಲಬ್‌ಗಳೆಲ್ಲ ಸೇರಿ 1929ರಲ್ಲಿ ಒಂದು ಒಕ್ಕೂಟ ಮಾಡಿಕೊಂಡವು: ಫೆಡರೇಶನ್ ಆಫ್ ಜ್ಯೂಯಿಷ್ ಮೆನ್ಸ್ ಕ್ಲಬ್ಸ್. ರಿಫಾರ್ಮ್ ಪಂಥದ ಗಂಡಸರು 1923ರಲ್ಲೇ ಮಾಡಿಕೊಂಡಿದ್ದರು. ಹೆಂಗಸರು ಇಬ್ಬರಿಗಿಂತಲೂ ಮುಂದೆ. ರಿಫಾರ್ಮ್ ಪಂಥದವರು 1913ರಲ್ಲಿ, ಕನ್ಸರ್ವೇಟಿವ್ ಪಂಥದವರು 1918ರಲ್ಲಿ. ಗಂಡಸರು ಏಳುವುದು ಯಾವಾಗಲೂ ಸ್ವಲ್ಪ ತಡ, ಅಲ್ವಾ?

ಒಂದು ಮಾತು ಮೊದಲೇ ಗೊತ್ತಿದ್ದರೆ ಮುಂದಿನದು ಸುಲಭ. ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ರಬ್ಬಿ, ಅಂದರೆ ಅವರ ಧರ್ಮಗುರು, ಬೇಕೇ ಬೇಕು ಅಂತಿಲ್ಲ. ಬೇಕಾದದ್ದು ಹತ್ತು ಜನ. ಹದಿಮೂರು ದಾಟಿದ ಹತ್ತು ಮಂದಿ ಸೇರಿದರೆ ಅದು ಮಿನ್ಯಾನ್. ಅವರಲ್ಲಿ ಪ್ರಾರ್ಥನೆ ಬಲ್ಲ ಯಾರಾದರೂ ಮುಂದೆ ನಿಂತು ನಡೆಸಬಹುದು: ದಂತವೈದ್ಯ, ಪ್ಲಂಬರ್, ಮೇಷ್ಟ್ರು, ಯಾರಾದರೂ. ಅರ್ಚಕರು ಬರದಿದ್ದರೆ ಗರ್ಭಗುಡಿಯ ಬಾಗಿಲೇ ತೆರೆಯದ ಊರಿನಿಂದ ಬಂದ ನನಗೆ ಇದು ಅರ್ಥವಾಗಲು ಸಮಯ ಹಿಡಿಯಿತು. ಕೆಲಸ ಹಂಚಿಕೊಳ್ಳುವುದು ಅವರಿಗೆ ಆಡಳಿತದ ವಿಷಯವಲ್ಲ. ಧರ್ಮವೇ ಹಾಗಿದೆ.

ನಮ್ಮ ದೇಶದಲ್ಲೂ ಇದಕ್ಕೆ ಒಂದು ಉದಾಹರಣೆ ಇದೆ, ಅದರ ಎಳೆ ಮೈಸೂರಿಗೆ ಬಂದು ಮುಟ್ಟುತ್ತದೆ. ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ್ದು 1796ರಲ್ಲಿ ಸ್ಯಾಮ್ಯುಯೆಲ್ ದಿವೇಕರ್. ಅವರು ರಬ್ಬಿಯಲ್ಲ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು, ಜೀವ ಉಳಿಸಿಕೊಂಡು ಬಂದದ್ದಕ್ಕೆ ಹರಕೆಯಾಗಿ ಕಟ್ಟಿಸಿದರು ಅಂತ ಅವರದೇ ಸಮುದಾಯವಾದ, ಕೊಂಕಣ ಕರಾವಳಿಯ ಬೆನೆ ಇಸ್ರೇಲಿ ಯಹೂದಿಗಳು ಹೇಳುತ್ತಾರೆ. ಆ ಸಮುದಾಯದಲ್ಲಿ ತಮ್ಮದೇ ರಬ್ಬಿಗಳು ಇರಲಿಲ್ಲ. ಮುಕಾದಮ್ ಅನ್ನುವ ಮುಖ್ಯಸ್ಥ, ಗಬ್ಬಾಯ್ ಅನ್ನುವ ಖಜಾಂಚಿ, ಹೀಗೆ ಸಾಮಾನ್ಯ ಗೃಹಸ್ಥರೇ ಎಲ್ಲವನ್ನೂ ನಡೆಸಿಕೊಂಡು ಬಂದರು.

ಮತ್ತೆ ನ್ಯೂಜೆರ್ಸಿಗೆ ಬರೋಣ. ಜನವರಿಯ ಒಂದು ಬೆಳಿಗ್ಗೆ, ವಾರದ ದಿನ, ಹೊರಗೆ ಹಿಮ. ಏಳು ಗಂಟೆಯ ಪ್ರಾರ್ಥನೆಗೆ ಎಂಟು ಜನ ಬಂದಿದ್ದಾರೆ. ಮೂರನೇ ಸಾಲಿನಲ್ಲಿ ತಾಯಿಯನ್ನು ಕಳೆದುಕೊಂಡವರೊಬ್ಬರು ಕೂತಿದ್ದಾರೆ. ತಂದೆತಾಯಿ ಹೋದರೆ ಮಕ್ಕಳು ಹನ್ನೊಂದು ತಿಂಗಳು ಕದ್ದಿಶ್ ಎಂಬ ಪ್ರಾರ್ಥನೆ ಹೇಳಬೇಕು. ಅದನ್ನು ಒಬ್ಬರೇ ಹೇಳುವ ಹಾಗಿಲ್ಲ, ಸುತ್ತ ಹತ್ತು ಜನ ಬೇಕು. ಇನ್ನೂ ಇಬ್ಬರು ಬೇಕಲ್ಲ. ಮೆನ್ಸ್ ಕ್ಲಬ್‌ನ ಒಬ್ಬರು ಜೇಬಿನಿಂದ ಒಂದು ಮಡಿಸಿದ ಹಾಳೆ ತೆಗೆಯುತ್ತಾರೆ. ಅದರಲ್ಲಿ ಐದು ನಿಮಿಷದ ದೂರದಲ್ಲಿರುವವರ ಹೆಸರು, ಮುಂದೆ ಫೋನ್ ನಂಬರು. ಮೊದಲು ಎಬ್ಬಿಸಿದರೂ ಬೈಯದವರು, ಆಮೇಲೆ ಬೈದುಕೊಂಡಾದರೂ ಬರುವವರು, ಆ ಕ್ರಮದಲ್ಲೇ ಬರೆದಿದೆ. ಪೈಜಾಮದ ಮೇಲೆ ಓವರ್‌ಕೋಟ್ ಹಾಕಿಕೊಂಡು ಒಬ್ಬರು ಬಂದರು. ಇನ್ನೊಬ್ಬರು ಹಿರಿಯರು, ಹಿಮದಲ್ಲಿ ಕಾರು ಓಡಿಸುವುದಿಲ್ಲ. ಅವರನ್ನು ಕರೆತರುವ ಕೆಲಸ ನನ್ನದು. ನಾನು ಯಹೂದಿಯಲ್ಲ, ಆ ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಹತ್ತನೆಯವರಿಗೆ ಡ್ರೈವರ್ ಆಗಲು ಯಾವ ಧರ್ಮಶಾಸ್ತ್ರದ ಅಡ್ಡಿಯೂ ಇಲ್ಲ.

ಹೆಂಗಸರನ್ನು ಲೆಕ್ಕಕ್ಕೆ ಸೇರಿಸಬಹುದು ಅಂತ ಕನ್ಸರ್ವೇಟಿವ್ ಪಂಥ 1973ರಲ್ಲಿ ಒಪ್ಪಿತು. ಆರ್ಥೊಡಾಕ್ಸ್‌ನವರು ಇವತ್ತಿಗೂ ಗಂಡಸರನ್ನಷ್ಟೇ ಎಣಿಸುತ್ತಾರೆ. ನಮ್ಮ ಸಿನಗಾಗ್‌ನಲ್ಲಿ ಬೆಳಗಿನ ಹೊತ್ತು ಹತ್ತು ತುಂಬಿಸುವವರಲ್ಲಿ ಈಗ ಹೆಂಗಸರೇ ಜಾಸ್ತಿ. ಇದನ್ನು ಮೆನ್ಸ್ ಕ್ಲಬ್‌ನವರ ಮುಂದೆ ಹೇಳಿದರೆ ಅವರು ಕಾಫಿ ಕಡೆ ನೋಡುತ್ತಾರೆ.

ನನ್ನನ್ನು ಅಲ್ಲಿ ಸುಲಭವಾಗಿ ಸೇರಿಸಿಕೊಂಡರು ಅಂತಲ್ಲ. ನಮ್ಮ ಮದುವೆಗೆ ಅವರ ರಬ್ಬಿ ಬರಲಿಲ್ಲ. ಇಂಥ ಮದುವೆಗಳನ್ನು ನಡೆಸಿಕೊಡುವುದಕ್ಕೆ ಅವರ ರಬ್ಬಿಗಳ ಸಂಘದ ನಿಯಮ ಇವತ್ತಿಗೂ ಒಪ್ಪುವುದಿಲ್ಲ. ಆಗ ಅತಿಥಿಯಾಗಿ ಬಂದು ಕೂರಲಿಕ್ಕೂ ಬಿಡುತ್ತಿರಲಿಲ್ಲ. ಯಹೂದಿಯಲ್ಲದವರನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಆಯಾ ಸಿನಗಾಗ್ ತಾನೇ ತೀರ್ಮಾನಿಸಲಿ ಅಂತ ಅವರ ಕೇಂದ್ರ ಸಂಸ್ಥೆ ಮತ ಹಾಕಿದ್ದು 2017ರಲ್ಲಿ. ಅದಕ್ಕೂ ಎಷ್ಟೋ ಮೊದಲು ನನ್ನಂಥ ಅಳಿಯಂದಿರನ್ನು ಒಳಗೆ ಕರೆಯುವ ಕೆಲಸಕ್ಕೆ ಮೆನ್ಸ್ ಕ್ಲಬ್‌ಗಳ ಒಕ್ಕೂಟ ಕೈ ಹಾಕಿತ್ತು. ಅದಕ್ಕೆ ಅವರು ಕೆರೂವ್ ಅನ್ನುತ್ತಾರೆ, ಹತ್ತಿರ ಕರೆದುಕೊಳ್ಳುವುದು. ನನಗೆ ಅದು ಒಂದು ಚಪ್ಪರದ ಕೆಲಸದ ರೂಪದಲ್ಲಿ ಬಂತು. ಶರತ್ಕಾಲದ ಸುಕ್ಕೋತ್ ಹಬ್ಬಕ್ಕೆ ಅಂಗಳದಲ್ಲಿ ಚಪ್ಪರ ಹಾಕುತ್ತಾರೆ. ಮೇಲೆ ಸೊಪ್ಪುಸದೆ, ನಡುವೆ ನಕ್ಷತ್ರ ಕಾಣುವಷ್ಟು ಸಂದು. ಹಾಸನದವನಿಗೆ ಚಪ್ಪರ ಹಾಕಲು ಯಾರಾದರೂ ಹೇಳಿಕೊಡಬೇಕೇ? "ಏಣಿ ಹತ್ತುತ್ತೀರಾ?" ಅಂತ ಒಬ್ಬರು ಕೇಳಿದರು. ಹತ್ತಿದೆ. ಮುಂದಿನ ತಿಂಗಳು ತಿಂಡಿ ಕಮಿಟಿಯಲ್ಲಿ ನನ್ನ ಹೆಸರಿತ್ತು.

ಈ ತಿಂಡಿ ಕಮಿಟಿಯ ಫೈಲಿನ ಬಗ್ಗೆ ನಿಮಗೆ ಹೇಳಲೇಬೇಕು. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಮೆನ್ಸ್ ಕ್ಲಬ್ ತಿಂಡಿ ಇರುತ್ತದೆ. ಬೇಗಲ್, ಕ್ರೀಮ್ ಚೀಸ್, ಲಾಕ್ಸ್ ಅನ್ನುವ ಸಾಲ್ಮನ್ ಮೀನು, ದೊಡ್ಡ ತಟ್ಟೆಗಳಲ್ಲಿ ಮೊಟ್ಟೆ ಬುರ್ಜಿ, ಆಮೇಲೆ ಯಾರಾದರೂ ಬಂದು ಒಂದು ಭಾಷಣ. ಅಡುಗೆಮನೆಯ ಗೋಡೆಗೆ ಒಂದು ದಪ್ಪ ಬೈಂಡರ್ ನೇತುಹಾಕಿದೆ. ಐವತ್ತು ಜನಕ್ಕೆ ಎಷ್ಟು ಮೊಟ್ಟೆ, ಅದೇ ದಿನ ಫುಟ್‌ಬಾಲ್ ಮ್ಯಾಚ್ ಇದ್ದರೆ ಎಷ್ಟು ಕಡಿಮೆ. ಬೇಗಲ್ ಅಂಗಡಿಗೆ ಯಾವ ದಿನ ಹೇಳಬೇಕು. ನೀಲಿ ಟೇಪ್ ಸುತ್ತಿದ ಸೌಟು ಹಾಲಿನ ಅಡುಗೆಗೆ, ಕೆಂಪು ಟೇಪಿನದು ಮಾಂಸದ ಅಡುಗೆಗೆ (ಎರಡೂ ಬೆರೆಯಬಾರದು ಅನ್ನುವುದು ಅವರ ಧರ್ಮದ ಆಹಾರ ನಿಯಮ), ಅದಲುಬದಲಾದರೆ ಮೊದಲು ರಬ್ಬಿಗೆ ಹೇಳಿ, ಸುಮ್ನೆ ತೊಳೆದು ಇಟ್ಟುಬಿಡಬೇಡಿ. ಎಡಗಡೆಯ ಮೂರನೇ ಬರ್ನರ್ ತಾನಾಗಿ ಹತ್ತಿಕೊಳ್ಳುವುದಿಲ್ಲ, ಕಡ್ಡಿ ಗೀರಿ. ಇಷ್ಟೂ ಬೇರೆ ಬೇರೆ ಕೈಬರಹದಲ್ಲಿದೆ. ಬರೆದವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ನಾನು ಅಡುಗೆಮನೆಗೆ ಕಾಲಿಟ್ಟ ಮೊದಲ ದಿನ ಯಾರನ್ನೂ ಏನೂ ಕೇಳದೆ ಎಲ್ಲರಿಗೂ ತಿಂಡಿ ಬಡಿಸಿದೆ. ನಮ್ಮ ಕೂಟದಲ್ಲಿ ಚಿತ್ರಾನ್ನಕ್ಕೆ ಎಷ್ಟು ಅಕ್ಕಿ ಅನ್ನುವುದಕ್ಕೆ ಇವತ್ತಿಗೂ ಮೂರು ಮನೆಗೆ ಫೋನ್ ಮಾಡಬೇಕು.

ಆ ಅಡುಗೆಮನೆಯಲ್ಲೇ ಇನ್ನೊಂದನ್ನು ನೋಡಿದೆ. ಕ್ಲಬ್ಬಿನ ಅಧ್ಯಕ್ಷರಾಗಿದ್ದವರು ಅವಧಿ ಮುಗಿಸಿ ಕೆಳಗಿಳಿದರು. ಬದುಕಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ಲೆಕ್ಕ ನೋಡಿದ ಮನುಷ್ಯ. ಮುಂದಿನ ಭಾನುವಾರ ಅವರು ಸಿಂಕ್ ಮುಂದೆ ನಿಂತು ತಳಹಿಡಿದ ಮೊಟ್ಟೆಯ ತಟ್ಟೆ ಉಜ್ಜುತ್ತಿದ್ದರು. ಹೊಸ ಅಧ್ಯಕ್ಷರು ಮೈಕ್ ಹಿಡಿದು ಏನೋ ತಪ್ಪು ತಾರೀಖು ಹೇಳಿದರು. ಇವರಿಗೆ ಕೇಳಿಸಿತು. ತಲೆ ಎತ್ತಲಿಲ್ಲ. ಆಮೇಲೆ ಕಾಫಿ ಕುಡಿಯುವಾಗ ಪಕ್ಕಕ್ಕೆ ಕರೆದು ಸರಿಯಾದ ತಾರೀಖು ಹೇಳಿದರು, ಅಷ್ಟೇ. ಕುರ್ಚಿ ಬಿಟ್ಟರೆ ಮರ್ಯಾದೆ ಕಮ್ಮಿಯಾಯಿತು ಅಂತ ಅಲ್ಲಿ ಯಾರಿಗೂ ಅನಿಸುವುದಿಲ್ಲ. ನಮ್ಮಲ್ಲಿ ಮಾಜಿ ಅಧ್ಯಕ್ಷರಿಗೆ ಇರುವುದು ಎರಡೇ ದಾರಿ. ಒಂದೋ ಮೊದಲ ಸಾಲಿನಲ್ಲಿ ಕೂತು ಶಾಲು ಹೊದೆಸಿಕೊಳ್ಳಬೇಕು, ಇಲ್ಲಾ ಮುನಿಸಿಕೊಂಡು ಹೊಸ ಸಂಘ ಕಟ್ಟಬೇಕು. ಹೀಗೇ ಅಲ್ವಾ ಒಂದೇ ಊರಲ್ಲಿ ಎರಡು ಗಣೇಶ ಕೂರುವುದು?

ಸನ್ಮಾನದ ಹುಚ್ಚು ಅವರಿಗೂ ಇದೆ, ಮುಚ್ಚಿಡುವುದಿಲ್ಲ. ವರ್ಷದ ವ್ಯಕ್ತಿ ಅಂತ ಒಬ್ಬರನ್ನು ಆರಿಸಿ ಊಟ ಹಾಕಿ ಫಲಕ ಕೊಡುತ್ತಾರೆ, ಭಾಷಣಗಳು ನಮ್ಮಷ್ಟೇ ಉದ್ದ. ಆದರೆ ಒಂದು ವ್ಯತ್ಯಾಸ ನೋಡಿ. ಒಳ್ಳೆಯ ಕಾರ್ಯಕ್ರಮ ಮಾಡಿದ ಕ್ಲಬ್‌ಗಳಿಗೆ ಒಕ್ಕೂಟವೂ ಪ್ರಶಸ್ತಿ ಕೊಡುತ್ತದೆ, ಟಾರ್ಚ್ ಅವಾರ್ಡ್ ಅಂತ. ಆ ಕಾರ್ಯಕ್ರಮ ಹೇಗೆ ಮಾಡಿದಿರಿ ಅನ್ನುವುದು ಬೇರೆ ಊರಿನ ಕ್ಲಬ್‌ಗಳಿಗೂ ಸಿಗುತ್ತದೆ. ಅವರು ಹಾಗೇ ಎತ್ತಿಕೊಂಡು ಮಾಡಬಹುದು. ಹಳದಿ ಮೇಣದಬತ್ತಿಯನ್ನೇ ನೋಡಿ. ಹಿಟ್ಲರನ ಕಾಲದಲ್ಲಿ ಸತ್ತ ಅರವತ್ತು ಲಕ್ಷ ಯಹೂದಿಗಳ ನೆನಪಿನ ದಿನಕ್ಕೆ ಪ್ರತಿ ಮನೆಗೂ ಒಂದೊಂದು ಹಳದಿ ಬತ್ತಿ ಕಳಿಸುವುದನ್ನು ಒಕ್ಕೂಟ 1981ರಲ್ಲಿ ಶುರು ಮಾಡಿತು. ಇವತ್ತು ಊರೂರಿನ ಕ್ಲಬ್‌ಗಳು ಇದನ್ನು ನಡೆಸುತ್ತವೆ. ಅದರ ಹಿಂದಿನ ಕೆಲಸ ಬಹಳ ಸಣ್ಣದು: ಒಂದು ಸಂಜೆ ಮೇಜಿನ ಸುತ್ತ ಕೂತು ಡಬ್ಬಿಗೆ ಬತ್ತಿ ಹಾಕುವುದು, ಚೀಟಿ ಇಡುವುದು, ವಿಳಾಸ ಅಂಟಿಸುವುದು. ಹೊಸಬರನ್ನು ಕರೆಯುವುದು ಈ ಕೆಲಸಕ್ಕೇ. ಎರಡು ಗಂಟೆ ಕೊಡಿ ಸಾಕು ಅನ್ನುತ್ತಾರೆ, ಎರಡೇ ಗಂಟೆಗೆ ಬಿಟ್ಟೂ ಬಿಡುತ್ತಾರೆ. ನಾವು ಹೊಸಬರು ಸಿಕ್ಕಿದರೆ ಸಾಕು, ಸಾಂಸ್ಕೃತಿಕ ಕಾರ್ಯದರ್ಶಿ ಪಟ್ಟವನ್ನೇ ಕಟ್ಟುತ್ತೇವೆ. ಆ ವರ್ಷ ಮುಗಿದ ಮೇಲೆ ಅವರು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೂ ಇರುವುದಿಲ್ಲ.

ಭಾಷೆ ಕಲಿಸುವ ವಿಷಯದಲ್ಲಂತೂ ನಾವು ಅವರ ಮುಂದೆ ಕೂತು ಕೇಳಬೇಕು. ಅಮೆರಿಕದ ಎಷ್ಟೋ ಯಹೂದಿಗಳಿಗೆ ಹೀಬ್ರೂ ಓದಲು ಬರುತ್ತಿರಲಿಲ್ಲ. ಪ್ರಾರ್ಥನೆ ಪುಸ್ತಕ ಹಿಡಿದು ಸುಮ್ನೆ ಕೂರುತ್ತಿದ್ದರು. ರಬ್ಬಿ ನೋವಾ ಗೋಲಿಂಕಿನ್ ಅನ್ನುವವರು ದೊಡ್ಡವರಿಗಾಗಿಯೇ ಒಂದು ಸುಲಭದ ಓದಿನ ಪಾಠ ಮಾಡಿದರು. ಅದನ್ನು ಉತ್ತರ ಅಮೆರಿಕದ ಉದ್ದಗಲಕ್ಕೂ ಒಯ್ದದ್ದು ಮೆನ್ಸ್ ಕ್ಲಬ್‌ಗಳು. ಕಲಿಸಲು ಪಂಡಿತರನ್ನು ಹುಡುಕಲಿಲ್ಲ. ಓದಲು ಬರುವ ಸದಸ್ಯರೇ ಓದಲು ಬಾರದ ಸದಸ್ಯರಿಗೆ ಕಲಿಸಿದರು. ನಮ್ಮ ಕನ್ನಡ ಕಲಿ ತರಗತಿಗಳು ಮಕ್ಕಳಿಗೆ ಅಂತ ನಡೆಯುತ್ತವೆ, ಒಳ್ಳೆಯದೇ. ಇಲ್ಲೇ ಹುಟ್ಟಿ ಈಗ ಮೂವತ್ತು ದಾಟಿದವರಿಗೆ? ನನ್ನಂಥವರ ಮನೆಗೆ ಬಂದ ಸೊಸೆ ಅಳಿಯಂದಿರಿಗೆ? ನನ್ನ ಹೆಂಡತಿಗೆ ಕನ್ನಡ ಅಕ್ಷರ ಕಲಿಸುತ್ತೇವೆ ಅಂತ ಯಾವ ಕೂಟವೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದಳು.

ಮುಂದಿನ ನಾಯಕರನ್ನು ತಯಾರು ಮಾಡುವುದು ಅವರಲ್ಲಿ ಅದೃಷ್ಟಕ್ಕೆ ಬಿಟ್ಟದ್ದಲ್ಲ. ಒಂದು ಕ್ಲಬ್ಬು, ಸುತ್ತಲಿನ ಕ್ಲಬ್‌ಗಳು ಸೇರಿ ಒಂದು ಪ್ರಾಂತ, ಪ್ರಾಂತಗಳ ಮೇಲೆ ಒಕ್ಕೂಟ. ಮುಂದೆ ಜವಾಬ್ದಾರಿ ಹೊರಬೇಕಾದವರನ್ನು ಆರಿಸಿ ತರಬೇತಿಗೆ ಕಳಿಸುತ್ತಾರೆ. ಸಭೆ ನಡೆಸುವುದು, ಬಜೆಟ್ ಮಾಡುವುದು, ಜಗಳ ಬಿಡಿಸುವುದು, ಇಲ್ಲ ಅಂದವರನ್ನು ಮತ್ತೆ ಕೇಳುವುದು ಹೇಗೆ ಅನ್ನುವುದು, ಎಲ್ಲಕ್ಕೂ ಅಲ್ಲಿ ಪಾಠ. ಆ ಪಾಠಕ್ಕೆ ಅವರಿಗೆ ಹಳೆಯ ಆಧಾರವೂ ಇದೆ. ಬೈಬಲ್ಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಇಸ್ರೇಲ್ಯರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿರುತ್ತಾನೆ. ಅವನ ಮಾವ ಇತ್ರೋ ಬಂದು ನೋಡಿ, ನೀನು ಮಾಡುವುದು ಸರಿಯಿಲ್ಲ, ನೀನೂ ಸೋಲುತ್ತೀಯ, ಈ ಜನರೂ ಸೋಲುತ್ತಾರೆ ಅನ್ನುತ್ತಾನೆ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖ್ಯಸ್ಥನನ್ನು ಮಾಡು, ದೊಡ್ಡ ವಿಷಯ ಮಾತ್ರ ನೀನು ನೋಡು ಅನ್ನುತ್ತಾನೆ. ಈ ಇತ್ರೋ ಇಸ್ರೇಲಿನವನಲ್ಲ, ಮಿದ್ಯಾನಿನ ಯಾಜಕ. ಆದರೂ ವಾರಕ್ಕೊಂದು ಭಾಗದಂತೆ ಧರ್ಮಗ್ರಂಥ ಓದುವಾಗ ದಶಾಜ್ಞೆಗಳಿರುವ ವಾರದ ಪಾಠಕ್ಕೆ ಯಹೂದಿಗಳು ಇಟ್ಟಿರುವ ಹೆಸರು ಅವನದೇ. ಹೊರಗಿನಿಂದ ಬಂದ ನಂಟನೊಬ್ಬನ ಮಾತು ಕೇಳಿದ ಜನ ಅವರು. ಸಿನಗಾಗ್‌ನಲ್ಲಿ ಆ ವಾರ ನಾನು ತುಸು ನೆಟ್ಟಗೆ ಕೂರುತ್ತೇನೆ.

ಅವರದೆಲ್ಲ ಚೆನ್ನಾಗಿದೆ ಅಂತ ಹೇಳಿ ಪತ್ರ ಮುಗಿಸಿದರೆ ನಿಮಗೆ ಮೋಸ ಮಾಡಿದ ಹಾಗೆ. ಮೆನ್ಸ್ ಕ್ಲಬ್‌ಗಳಿಗೆ ವಯಸ್ಸಾಗುತ್ತಿದೆ. ನಮ್ಮ ಭಾನುವಾರದ ತಿಂಡಿಗೆ ಬರುವವರಲ್ಲಿ ತಲೆಗೂದಲು ಕಪ್ಪಗಿರುವವರು ಕೈಬೆರಳಲ್ಲಿ ಎಣಿಸುವಷ್ಟು. ಚಿಕ್ಕ ಮಕ್ಕಳ ಅಪ್ಪಂದಿರಿಗೆ ಭಾನುವಾರ ಸಾಕರ್ ಇರುತ್ತದೆ. ಪಂಥವೂ ಕುಗ್ಗುತ್ತಿದೆ. ಪ್ಯೂ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ತಾವು ಕನ್ಸರ್ವೇಟಿವ್ ಅಂದವರು ಶೇಕಡ 17. ಯಾವ ಪಂಥಕ್ಕೂ ಸೇರಿಲ್ಲ ಅಂದವರು ಶೇಕಡ 32. ಸಿನಗಾಗ್‌ಗಳು ಒಂದರೊಳಗೊಂದು ಸೇರುತ್ತಿವೆ, ಕಟ್ಟಡಗಳು ಮಾರಾಟವಾಗುತ್ತಿವೆ. ಎಷ್ಟು ಒಳ್ಳೆಯ ಬೈಂಡರ್ ಇದ್ದರೂ ಜನ ಇಲ್ಲದ ಕಡೆ ಜನ ಹುಟ್ಟುವುದಿಲ್ಲ.

ಆದರೆ ಮುಚ್ಚುವ ಕೆಲಸವನ್ನೂ ಅವರು ಮಾಡುವ ರೀತಿ ನೋಡಬೇಕು. ಸಿನಗಾಗ್ ಗೋಡೆಯ ಮೇಲೆ ತೀರಿಕೊಂಡವರ ಹೆಸರಿನ ಹಿತ್ತಾಳೆ ಫಲಕಗಳಿರುತ್ತವೆ, ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಬಲ್ಬು. ತಿಥಿಯ ವಾರ ಅದನ್ನು ಹೊತ್ತಿಸುತ್ತಾರೆ. ಎರಡು ಸಿನಗಾಗ್ ಒಂದಾಗುವಾಗ ಆ ಫಲಕಗಳು ಎಲ್ಲಿಗೆ ಹೋಗಬೇಕು, ಬಲ್ಬು ಹೊತ್ತಿಸುವವರು ಯಾರು ಅನ್ನುವುದು ಮಾತುಕತೆಯ ವಿಷಯವಾಗುತ್ತದೆ. ಅದನ್ನು ಕೂತು ಮಾತಾಡುವವರು ಇದೇ ಸಂಬಳವಿಲ್ಲದ ಜನ. ನಮ್ಮ ಕೂಟವೊಂದು ನಿಂತುಹೋದರೆ ಅದರ ನಲವತ್ತು ವರ್ಷದ ಫೋಟೋಗಳು, ಸ್ಮರಣ ಸಂಚಿಕೆಗಳು ಎಲ್ಲಿಗೆ ಹೋಗುತ್ತವೆ?

ಇನ್ನೊಂದು ವಿಷಯ ಹೇಳುವುದು ಕಷ್ಟ, ಆದರೆ ಹೇಳಬೇಕು. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್ ಕಟ್ಟಡದಲ್ಲಿ ಒಬ್ಬ ಬಂದೂಕು ಹಿಡಿದು ಬಂದು 11 ಜನರನ್ನು ಕೊಂದ. ಆ ಕಟ್ಟಡದಲ್ಲಿ ಮೂರು ಬೇರೆ ಬೇರೆ ಯಹೂದಿ ಸಭೆಗಳು ಪ್ರಾರ್ಥನೆಗೆ ಸೇರುತ್ತಿದ್ದವು. ಶನಿವಾರ ಬೆಳಿಗ್ಗೆ, ಪ್ರಾರ್ಥನೆ ಆಗಷ್ಟೇ ಶುರುವಾದ ಹೊತ್ತು. ಅಷ್ಟು ಬೇಗ ಬಂದಿರುವವರು ಯಾರು? ಬಾಗಿಲಲ್ಲಿ ನಿಂತು ಪುಸ್ತಕ ಕೊಡುವವರು, ಪ್ರಾರ್ಥನೆ ನಡೆಸುವವರು, ಅಡುಗೆಮನೆ ನೋಡಿಕೊಳ್ಳುವವರು. ಸತ್ತವರಲ್ಲಿ ಹೆಚ್ಚಿನವರು ಅಂಥವರೇ. ಅದಾದ ಮೇಲೆ ಊರೂರಿನ ಸಿನಗಾಗ್‌ಗಳಲ್ಲಿ ಬಾಗಿಲು ಕಾಯುವುದೂ ಸ್ವಯಂಸೇವಕರ ಕೆಲಸದ ಪಟ್ಟಿಗೆ ಸೇರಿತು. ನಮ್ಮ ಕ್ಲಬ್‌ನವರೂ ಸರದಿಯ ಮೇಲೆ ನಿಲ್ಲುತ್ತಾರೆ. ಹೀಗಿದ್ದೂ ಆ ಪಟ್ಟಿ ಖಾಲಿ ಬಿದ್ದದ್ದನ್ನು ನಾನು ನೋಡಿಲ್ಲ.

ಈಗ ನನ್ನ ಕೋರಿಕೆ. ಅಮೆರಿಕದ ಕನ್ನಡಿಗರ ದೊಡ್ಡ ಸಂಸ್ಥೆಗಳಾದ ಅಕ್ಕ ಮತ್ತು ನಾವಿಕದ ಸಮ್ಮೇಳನಗಳು ಎರಡು ವರ್ಷಕ್ಕೊಮ್ಮೆ ನಡೆಯುತ್ತವೆ. ಕವಿಗೋಷ್ಠಿ, ಹಾಸ್ಯ, ಸಿನಿಮಾ ತಾರೆಯರು ಎಲ್ಲ ಇರಲಿ, ನನಗೂ ಇಷ್ಟ. ಅದರ ಜೊತೆಗೆ ಅರ್ಧ ದಿನ, ಒಂದು ಕೋಣೆ ಕೊಡಿ. ಅಲ್ಲಿಗೆ ಈಗಿನ ಅಧ್ಯಕ್ಷರು ಬೇಡ. ಮುಂದಿನ ಸಲ ಕಾರ್ಯದರ್ಶಿ, ಖಜಾಂಚಿ ಆಗಬಹುದಾದ, ಇನ್ನೂ ಯಾರೂ ಕೇಳದ ಹುಡುಗ ಹುಡುಗಿಯರನ್ನು ಕೂಟಕ್ಕೆ ಇಬ್ಬರಂತೆ ಕಳಿಸಿ. ಅವರ ನೋಂದಣಿ ಶುಲ್ಕ ಕೂಟ ಕಟ್ಟಲಿ. ಒಂದು ಸನ್ಮಾನದ ಶಾಲು, ಪೇಟ, ಹಣ್ಣಿನ ಬುಟ್ಟಿಯ ಖರ್ಚಿನಲ್ಲಿ ಇದರ ಸ್ವಲ್ಪ ಭಾಗವಾದರೂ ಹೊರಡುತ್ತದೆ.

ಡಿಸೆಂಬರಿನಲ್ಲಿ ಕಮಿಟಿ ಬದಲಾಗುವ ಕೂಟಗಳು ಅದಕ್ಕೆ ಕಾಯಬೇಕಾಗಿಲ್ಲ. ಲೆಕ್ಕ ಒಪ್ಪಿಸುವ ದಿನವೇ ಒಂದು ಫೈಲನ್ನೂ ಒಪ್ಪಿಸಬೇಕು ಅಂತ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿ. ಹಾಲ್‌ನವರ ನಂಬರು, ಊಟದವರ ನಂಬರು, ಕಳೆದ ಸಲ ಎಲ್ಲಿ ಎಡವಿದೆವು ಅನ್ನುವುದು, ಬ್ಯಾಂಕಿನ ಕಾಗದಗಳು, ಅಕ್ಕಿಯ ಲೆಕ್ಕ, ಎಲ್ಲ ಇರಲಿ. ಹೊರಹೋಗುವ ಅಧ್ಯಕ್ಷರು ಮುಂದಿನ ಒಂದು ವರ್ಷ ಯಾವುದಾದರೂ ಒಂದು ಚಿಕ್ಕ ಕೆಲಸ ಹಿಡಿಯಲಿ. ಪಾರ್ಕಿಂಗ್ ನೋಡಿಕೊಳ್ಳಲಿ, ಊಟದ ಸಾಲಿನಲ್ಲಿ ಸಾಂಬಾರ್ ಬಡಿಸಲಿ. ಮೈಕ್ ಮಾತ್ರ ಬೇಡ.

ನೋಡಿಯೇ ನಂಬುತ್ತೇವೆ ಅನ್ನುವವರು ನಿಮ್ಮ ಊರಿನ ಸಿನಗಾಗ್‌ಗೆ ಫೋನ್ ಮಾಡಿ, ಮೆನ್ಸ್ ಕ್ಲಬ್ ಇದೆಯಾ ಅಂತ ಕೇಳಿ. ಇದ್ದರೆ ಭಾನುವಾರದ ತಿಂಡಿಗೆ ಬರಬಹುದಾ ಅಂತ ಕೇಳಿ. ಮೊದಲೇ ಹೇಳಿ ಹೋಗಿ, ಬಾಗಿಲಲ್ಲಿ ಯಾರು ಏನು ಅಂತ ವಿಚಾರಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಸಸ್ಯಾಹಾರಿಗಳಿಗೆ ಬೇಗಲ್, ಕ್ರೀಮ್ ಚೀಸ್, ಹಣ್ಣು ಇರುತ್ತದೆ. ಕಾಫಿ ನಮ್ಮ ಫಿಲ್ಟರ್ ಕಾಫಿಯ ಹತ್ತಿರಕ್ಕೂ ಬರುವುದಿಲ್ಲ, ಅದೊಂದು ಸಹಿಸಿಕೊಳ್ಳಿ. ನಮ್ಮ ಊರಿನವರಾದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಒಂಬತ್ತು ಗಂಟೆಗೆ ತಿಂಡಿ, ಎಂಟೂವರೆಗೆ ಬಂದರೆ ಕುರ್ಚಿ ಹಾಕಲು ಇಬ್ಬರು ಬೇಕಾಗಿರುತ್ತಾರೆ.

ಇಂತಿ ನಿಮ್ಮವ,
ನ್ಯೂಜೆರ್ಸಿಯ ಒಬ್ಬ ಕನ್ನಡಿಗ